ಪ್ರತಿಕ್ರಿಯೆ: ಪಕ್ಕದ ಮನಿ ಗೋಡೌನ್ ಆಗೇತಿ, ಕಾರ್ಪೊರೇಟರ್ ಪರ್ಮಿಷನ್ ಕೊಟ್ಟೀನಿ ಅಂತಾರ
ಇದು ಬರೇ ಬಾಯಿಮಾತಿನ ಪರ್ಮಿಷನ್ ಇರ್ಬೇಕ್ರಿ. ರೆಸಿಡೆನ್ಶಿಯಲ್ ಜಾಗಾನ ಕಮರ್ಷಿಯಲ್ ಮಾಡೋ ಅಧಿಕಾರ ಕಾರ್ಪೊರೇಟರ್‌ಗೆ ಇಲ್ಲ, ಹುಬ್ಬಳ್ಳಿ ಒಳಗ ಅದು ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಕೆಲಸ, ಅವ್ರೂ ಸುಮ್ನ ಮಾಡಂಗಿಲ್ಲ, 1961ರ ನಗರ ಯೋಜನಾ ಕಾಯ್ದೆ 14-ಎ ಪ್ರಕಾರ ಮೊದ್ಲು ಪೇಪರ್‌ನ್ಯಾಗ ಹಾಕಿ ಜನರ ಆಕ್ಷೇಪಣೆ ಕೇಳಬೇಕು. ಟ್ರೇಡ್ ಲೈಸೆನ್ಸ್ ಅಂತೂ ಪಾಲಿಕೆ ಕಮಿಷನರ್ ಹೆಸರಿನ್ಯಾಗ ಬರೋದು.

ಮೊದ್ಲು ಹುಡಾ ಆಫೀಸಿಗೆ ಹೋಗಿ ಆ ಸರ್ವೆ ನಂಬರ್ ಮಾಸ್ಟರ್ ಪ್ಲಾನ್‌ನ್ಯಾಗ ಯಾವ ಝೋನ್ ಐತಿ ನೋಡ್ರಿ. ಆಮ್ಯಾಲೆ ಎರಡು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕ್ರಿ, ಹುಡಾಕ್ಕ ಭೂಬಳಕೆ ಬದಲಾವಣೆ ಆದೇಶದ ಕಾಪಿ ಕೇಳಿ ಒಂದು, ಪಾಲಿಕೆಗೆ ಟ್ರೇಡ್ ಲೈಸೆನ್ಸ್ ಕಾಪಿ ಕೇಳಿ ಇನ್ನೊಂದು. ಎಲ್ಲಾ ಒಂದರಾಗ ತುರುಕಬ್ಯಾಡ್ರಿ, ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗ, ಅದನ್ನ ಹಿಡ್ಕೊಂಡೇ ವಾಪಸ್ ಕಳಸ್ತಾರ. ಫೀ 10 ರೂಪಾಯಿ, 30 ದಿನದಾಗ ಉತ್ತರ ಬರ್ಬೇಕು.

ಅಲ್ಲೀತನ ಕಾಯಬ್ಯಾಡ್ರಿ, ಲಾರಿ ನಿಂತಿದ್ದು ಲೋಡ್ ಇಳಿಸಿದ್ದು ತಾರೀಖ್ ಸಮೇತ ಫೋಟೋ ತಗೊಂಡು ಕಮಿಷನರ್‌ಗೆ ಬರವಣಿಗೆ ದೂರು ಕೊಡ್ರಿ, ಕಾಪಿ ಹುಡಾಕ್ಕ, ಎರಡೂ ಕಡೆ ಸೀಲ್ ಹಾಕಿಸ್ಕೊಳ್ರಿ. ಓಣಿಯವ್ರು ನಾಕೈದು ಮಂದಿ ಸಹಿ ಹಾಕಿದ್ರ ಇನ್ನೂ ಚಲೋ. ಕಾರ್ಪೊರೇಟರ್ ಜೋಡಿ ವಾದಕ್ಕ ಹೋಗಬ್ಯಾಡ್ರಿ, ನಾಳೆ ನಳದ ನೀರಿಗೂ ಅವ್ರ ಕಡೇನ ಹೋಗ್ಬೇಕಲ್ಲ.

ಗೋಡೌನ್ ಸೈಜ್ ಎಷ್ಟಂತ ನೀವು ಬರ್ದಿಲ್ಲ. ಬರೇ ಒಂದು ರೂಮಿನ ಸ್ಟಾಕ್ ಆಗಿದ್ರ ಕೇಸ್ ಎಷ್ಟು ಗಟ್ಟಿ ನಿಲ್ತೈತೋ ಹೇಳಾಕ ಬರೂದಿಲ್ಲ, ಹಂಗಾಗಿ ದೂರಿನ್ಯಾಗ ಅಳತಿ ಬರೀರಿ.