ಸೇವೆಗಳಿದ್ದರೂ ಸಾಲದ ಅರ್ಜಿ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ಸಹಕಾರಿ ಬ್ಯಾಂಕಿನ ತಂತ್ರಾಂಶವನ್ನು ಸೇವಾಧಾರಿತ ವಿನ್ಯಾಸಕ್ಕೆ, ಅಂದರೆ ಎಸ್‌ಒಎಗೆ, ಬದಲಿಸಿದ್ದೇವೆ. ಆದರೂ ಸಾಲದ ಅರ್ಜಿಗಳು ವಾರಗಟ್ಟಲೆ ಕೊಳೆಯುತ್ತಿವೆ. ತಪ್ಪೆಲ್ಲಿದೆ?

ಉತ್ತರ: ಗುರುತಿನ ಪರಿಶೀಲನೆ, ಸಾಲದ ಇತಿಹಾಸ, ಖಾತೆಗೆ ಜಮೆ ಮುಂತಾದವನ್ನು ಬಿಡಿ ಸೇವೆಗಳಾಗಿ ಒಡೆದಿದ್ದೀರಿ, ಸರಿ, ಆದರೆ ಯಾವುದರ ನಂತರ ಯಾವುದು, ವ್ಯವಸ್ಥಾಪಕರು ರಜೆಯಲ್ಲಿದ್ದರೆ ಕಡತ ಯಾರ ಮೇಜಿಗೆ ಹೋಗಬೇಕು ಎಂಬುದನ್ನು ಆ ಸೇವೆಗಳು ತಾವಾಗಿ ಅರಿಯಲಾರವು. ಅದು ವ್ಯವಹಾರ ಪ್ರಕ್ರಿಯಾ ನಿರ್ವಹಣೆಯ, ಅಂದರೆ ಬಿಪಿಎಂನ, ಕೆಲಸ. ಕೆಲಸದ ಹರಿವನ್ನು ಚಿಹ್ನೆಗಳಿಂದ ಚಿತ್ರಿಸಲೆಂದು 2011ರಲ್ಲಿ ಪ್ರಕಟವಾದ ಬಿಪಿಎಂಎನ್ 2.0 ಮಾನಕದಲ್ಲಿ ಗುಮಾಸ್ತರ ಹೆಜ್ಜೆಯನ್ನೂ ಗಣಕದ ಹೆಜ್ಜೆಯನ್ನೂ ಒಂದೇ ನಕ್ಷೆಯಲ್ಲಿ ಬರೆಯಬಹುದು. ‘ಎರಡು ದಿನದಲ್ಲಿ ಸಹಿಯಾಗದಿದ್ದರೆ ಮೇಲಧಿಕಾರಿಗೆ’ ಎಂದು ಸೂಚಿಸಲು ಗಡಿಯಾರದ ಚಿಹ್ನೆಯೂ ಅದರಲ್ಲಿದೆ. ತಂತ್ರಾಂಶ ಕೊಳ್ಳುವ ಅವಸರ ಬೇಡ. ಮೊದಲು ಒಂದು ಅರ್ಜಿಯ ಬೆನ್ನು ಹತ್ತಿ, ಅದು ಯಾವ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತೆಂದು ಬರೆದುಕೊಳ್ಳಿ.