ಕರೆಂಟ್ ಹೋದ ರಾತ್ರಿ ಕರಿಬೇವು ಉಳಿಸೋದು ಹೇಗೆ?

ಪ್ರಶ್ನೆ: ಮೇಡಂ ನಮಸ್ತೆ, ನಾವು ಅಮೆರಿಕಾದ ಟೆಕ್ಸಾಸಲ್ಲಿ ಡಲ್ಲಾಸ್ ಹತ್ರ ಇದೀವಿ. ಹಿತ್ತಲಲ್ಲಿ 6 ಅಡಿಗೆ 8 ಅಡಿ ಪ್ಲಾಸ್ಟಿಕ್ ಗ್ರೀನ್‌ಹೌಸ್ ಇದೆ, ಅದ್ರಲ್ಲಿ ಮೂರು ಕರಿಬೇವು, ಎರಡು ದುಂಡುಮಲ್ಲಿಗೆ, ಒಂದು ವೀಳ್ಯದೆಲೆ ಬಳ್ಳಿ. ಚಳಿಗೆ ಕರೆಂಟ್ ಹೀಟರ್ ಹಾಕ್ತೀವಿ. 2021ರ ಫೆಬ್ರವರಿ ತರ ಮತ್ತೆ ಕರೆಂಟ್ ಹೋದ್ರೆ ಏನ್ಮಾಡೋದು? ಮೇಣದಬತ್ತಿ ಹಚ್ಚಿ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿದ್ರೆ ಸಾಕು ಅಂತಾರೆ, ನಿಜಾನಾ?

ಉತ್ತರ: ಆ ಫೆಬ್ರವರಿ ನಾನೂ ಅಲ್ಲೇ ಇದ್ದೆನಮ್ಮ, ಮಗಳ ಬಾಣಂತನಕ್ಕೆ ಹೋದವಳು ಕೊರೊನಾ ಅಂತ ಅಲ್ಲೇ ಉಳ್ಕೊಂಡಿದ್ದೆ. 15ನೇ ತಾರೀಖು ಬೆಳಗಿನ ಜಾವ ಕರೆಂಟ್ ಹೋಯ್ತು, ಮಾರನೇ ದಿನ ಡಲ್ಲಾಸಲ್ಲಿ ಮೈನಸ್ 19 ಡಿಗ್ರಿ. ಅಂಥ ಚಳೀಲಿ ಕರೆಂಟಿಲ್ದೆ ಇಡೀ ಗ್ರೀನ್‌ಹೌಸನ್ನ ಬೆಚ್ಚಗಿಡ್ತೀನಿ ಅಂತ ಹೊರಡ್ಬೇಡಿ, ಆಗಲ್ಲ. ಎತ್ತೋಕಾಗೋ ಕುಂಡಗಳನ್ನ ಮನೆಯೊಳಗೆ ತನ್ನಿ, ವೀಳ್ಯದೆಲೆ ಮೊದಲು, ಅದಕ್ಕೆ ಚಳಿ ಒಂಚೂರೂ ಆಗಲ್ಲ. ಕರೆಂಟಿಲ್ಲದ ಮನೆ ಕೂಡ ಆ ಪ್ಲಾಸ್ಟಿಕ್ ಗೂಡಿಗಿಂತ ಎಷ್ಟೋ ಬೆಚ್ಚಗಿರುತ್ತೆ.

ಮೇಣದಬತ್ತಿ ವಿಷ್ಯ ನಿಜ ಅಲ್ಲ. ಒಂದು ಬತ್ತಿ ಕೊಡೋದು ಹೆಚ್ಚಂದ್ರೆ 80 ವ್ಯಾಟ್, ನಿಮ್ಮ ಹೀಟರ್ 1500 ವ್ಯಾಟ್ ಇರ್ಬಹುದು, ಮೇಲೆ ಕುಂಡ ಮುಚ್ಚಿದ ಮಾತ್ರಕ್ಕೆ ಶಾಖ ಜಾಸ್ತಿ ಆಗಲ್ಲ, ಅದರ ಮೇಲೆ ಸುತ್ತ ಪ್ಲಾಸ್ಟಿಕ್ಕು, ಬೆಂಕಿ ಹತ್ಕೊಂಡ್ರೆ ಏನ್ ಗತಿ?

ಎತ್ತೋಕಾಗದ ದೊಡ್ಡ ಗಿಡಕ್ಕೆ ನೀರನ್ನ ನಂಬಿ. ನಮ್ಮೂರ ಬಚ್ಚಲುಮನೇಲಿ ರಾತ್ರಿ ಒಲೆ ಆರಿದ್ರೂ ಬೆಳಿಗ್ಗೆ ಹಂಡೆ ನೀರು ಬೆಚ್ಚಗಿರ್ತಿತ್ತಲ್ಲ, ಅದೇ ಲೆಕ್ಕ. 200 ಲೀಟರಿನ ಕಪ್ಪು ಡ್ರಮ್ಮಿಗೆ ನೀರು ತುಂಬಿ ಬಿಸಿಲು ಬೀಳೋ ಕಡೆ ಇಡಿ, ಮೇಲೆ ನಾಲ್ಕು ಬೆರಳು ಖಾಲಿ ಬಿಡಿ, ಹೆಪ್ಪುಗಟ್ಟಿದ್ರೆ ಉಬ್ಬುತ್ತೆ. ಆ ನೀರು 15 ಡಿಗ್ರಿಯಿಂದ 5ಕ್ಕೆ ಇಳಿಯೋಷ್ಟರಲ್ಲಿ ಸುಮಾರು 2.3 ಯೂನಿಟ್ ಶಾಖ ಬಿಡುತ್ತೆ, ಅಂದ್ರೆ ನಿಮ್ಮ ಹೀಟರ್ ಒಂದೂವರೆ ಗಂಟೆ ಉರಿದ ಹಾಗೆ. ಮಂಜುಗಡ್ಡೆ ಆಗೋಕೆ ಶುರುವಾದ್ರೆ ಇನ್ನೂ ಜಾಸ್ತಿ ಬಿಡುತ್ತೆ, ಪೂರ್ತಿ ಗಡ್ಡೆ ಆಗೋಷ್ಟರಲ್ಲಿ 18 ಯೂನಿಟ್. ಕರೆಂಟ್ ಹೋಗೋವರೆಗೂ ಕಾಯ್ಬೇಡಿ, ನವೆಂಬರಲ್ಲೇ ತುಂಬಿಡಿ.

ಆಮೇಲೆ ಜಾಗ ಚಿಕ್ಕದು ಮಾಡಿ, ಇದು ಬಹಳ ಮುಖ್ಯ. ಮನೆಯೊಳಗೆ ತರೋಕಾಗದ ಕುಂಡಗಳನ್ನೆಲ್ಲ ಡ್ರಮ್ಮಿಗೆ ಒತ್ತಿ ಒಂದು ಮೂಲೆಗೆ ಸೇರಿಸಿ, ನಾಲ್ಕು ಕೋಲು ನೆಟ್ಟು ಡ್ರಮ್ಮೂ ಗಿಡಾನೂ ಒಟ್ಟಿಗೆ ಮುಚ್ಚೋ ಹಾಗೆ ಹಳೇ ಕಂಬಳಿ, ಬೆಡ್‌ಶೀಟ್ ಹೊದಿಸಿ, ಅಂಚು ನೆಲಕ್ಕೆ ತಾಗಲಿ, ಕಲ್ಲಿಡಿ. ಕುಂಡದ ಬೇರು ನೆಲದ ಬೇರಿಗಿಂತ ಬೇಗ ಹೆಪ್ಪುಗಟ್ಟುತ್ತೆ, ಅದಕ್ಕೆ ಕುಂಡಕ್ಕೇ ಬಬಲ್ ರಾಪ್ ಸುತ್ತಿ. ಹಗಲು ಬಿಸಿಲು ಬಂದ್ರೆ ಹೊದಿಕೆ ತೆಗೆದು, ಮೂರು ಗಂಟೆಗೆಲ್ಲ ಮತ್ತೆ ಮುಚ್ಬಿಡಿ.

ಗ್ರೀನ್‌ಹೌಸಲ್ಲಿ ಗ್ಯಾಸ್ ಹೀಟರ್ ಇಡಲೇಬೇಕಂದ್ರೆ ಅದರ ಕಿಟಕಿ ಸ್ವಲ್ಪ ತೆಗೆದಿಡಿ, ಗ್ಯಾಸ್ ಸರಿಯಾಗಿ ಉರೀದಿದ್ರೆ ಬರೋ ಎಥಿಲೀನ್ ಅನ್ನೋ ಅನಿಲಕ್ಕೆ ಎಲೆ ಮೊಗ್ಗು ಉದುರುತ್ತೆ. ನೀವು ಮಾತ್ರ ಒಳಗೆ ಕೂತ್ಕೋಬೇಡಿ. ಹಾಗೆ ಉರಿದಾಗ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಅನಿಲಕ್ಕೆ ವಾಸನೆ ಇಲ್ಲ, ಆ ವಾರ ಟೆಕ್ಸಾಸಲ್ಲಿ ಮನೆಯೊಳಗೆ ಇದ್ದಿಲ ಒಲೆ ಇಟ್ಟು, ಗರಾಜಲ್ಲಿ ಕಾರ್ ಆನ್ ಮಾಡಿ ಜನ ಸತ್ತಿದ್ದಾರೆ. ಗಿಡ ಹೋದ್ರೆ ಇನ್ನೊಂದು ತರ್ಬಹುದು ತಾಯಿ.

ಪ್ರಶ್ನೆ: ಚಳಿಗೆ ಕರಿಬೇವು ಪೂರ್ತಿ ಕಪ್ಪಾಗಿದೆ, ಕಿತ್ತು ಹಾಕ್ಲಾ?

ಉತ್ತರ: ಬೇಡ ಬೇಡ! ಕಾಂಡದ ಸಿಪ್ಪೆನ ಉಗುರಲ್ಲಿ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ. ನಮ್ಮ ಮಗಳ ಗಿಡ ಮೇಲಿಂದ ಕೆರೀತಾ ಬಂದ್ರೆ ಬರೀ ಕಂದು, ಮಣ್ಣಿಂದ ಒಂದು ಗೇಣಿಗೆ ಬಂದಾಗ ತೆಳ್ಳಗೆ ಹಸಿರು ಗೆರೆ ಕಾಣ್ತು. ಎಲೆ ಇಲ್ಲದಾಗ ನೀರು ಕಮ್ಮಿ ಹಾಕಿ, ಇಲ್ಲಾಂದ್ರೆ ಬೇರು ಕೊಳೆಯುತ್ತೆ. ಕತ್ತರಿ ಈಗ್ಲೇ ಹಾಕ್ಬೇಡಿ, ಚಿಗುರು ಎಲ್ಲಿಂದ ಬರುತ್ತೋ ನೋಡಿ ಅದರ ಮೇಲಕ್ಕೆ ಕತ್ತರಿಸಿ. ನಮ್ಮದು ಏಪ್ರಿಲ್ ಕೊನೇಲಿ ಬುಡದಿಂದ ಎರಡು ಚಿಗುರು ಹೊಡೀತು, ಆ ಮಳೆಗಾಲದ ಹೊತ್ತಿಗೆ ಮಗಳು ಒಗ್ಗರಣೆಗೆ ಅದನ್ನೇ ಕೀಳ್ತಿದ್ಲು.