ಫಾರಂನಲ್ಲಿ ನಿಜ ಬರೆಯಲೇ, ಮೇಡಂ?

ಪ್ರಶ್ನೆ: ನಾನು ಎಂ.ಕಾಂ. ಎರಡನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಈ ಸಲ ನಾಯಕತ್ವದ ಬಗ್ಗೆ ಒಂದು ಐಚ್ಛಿಕ ಪತ್ರಿಕೆ ತೆಗೆದುಕೊಂಡಿದ್ದೆ. ಸ್ಲೈಡ್ ಓದುವುದರಲ್ಲೇ ಪಾಠ ಮುಗಿಯಿತು. ಗುಂಪು ಚರ್ಚೆಯಲ್ಲಿ ಇಂಗ್ಲಿಷ್ ಸಲೀಸಾಗಿ ಬರುವ ಮೂರು ನಾಲ್ಕು ಜನರೇ ಮಾತಾಡಿದರು. ಈಗ ಅಭಿಪ್ರಾಯದ ಫಾರಂ ಕೊಟ್ಟಿದ್ದಾರೆ. ‘ಎಲ್ಲದಕ್ಕೂ ಎಕ್ಸಲೆಂಟ್ ಟಿಕ್ ಮಾಡಿ ಕೊಡು, ಇಂಟರ್ನಲ್ಸ್ ಅಂಕ ಮೇಷ್ಟರ ಕೈಯಲ್ಲಿದೆ’ ಅನ್ನುತ್ತಾರೆ ಗೆಳತಿಯರು. ಏನು ಮಾಡಲಿ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ನಿಜವನ್ನೇ ಬರಿ ಮಗಳೇ. ಹೇಗೆ ಬರೆಯುವುದು ಎಂಬುದನ್ನು ಮಾತ್ರ ಸ್ವಲ್ಪ ಯೋಚಿಸು.

ನಿವೃತ್ತಿಗೆ ಮುಂಚೆ ನಾನೂ ಇಂಥದೇ ಪತ್ರಿಕೆಯನ್ನು ಆರು ವರ್ಷ ಕಲಿಸಿದೆ. ಮೊದಲ ವರ್ಷ ಬಂದ ಫಾರಂಗಳಲ್ಲಿ ಬರೀ ಟಿಕ್. ಅದರಿಂದ ನನಗೇನೂ ತಿಳಿಯಲಿಲ್ಲ. ಮರುವರ್ಷ ಬಿಳಿ ಹಾಳೆ ಹಂಚಿ, ಹೆಸರು ಬೇಡ ಎಂದು ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದೆ: ‘ಈ ತರಗತಿಯಲ್ಲಿ ಯಾವ ದಿನ, ಯಾವ ಕೆಲಸಕ್ಕೆ ನೀವು ಮುಂದಾಳಾಗಿದ್ದಿರಿ?’ ನಲವತ್ತೆರಡು ಹಾಳೆ ಬಂದವು. ಇಪ್ಪತ್ತೊಂಬತ್ತರಲ್ಲಿ ‘ಯಾವ ದಿನವೂ ಇಲ್ಲ’ ಎಂದಿತ್ತು. ಒಬ್ಬರು ಹೀಗೆ ಬರೆದಿದ್ದರು: ‘ಲೀಡರ್ ಯಾರಾಗ್ತೀರಿ ಅಂತ ಕೇಳುವಾಗೆಲ್ಲ ನೀವು ಮುಂದಿನ ಬೆಂಚನ್ನೇ ನೋಡುತ್ತೀರಿ, ಮೇಡಂ.’ ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಹಾಳೆ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಹುಡುಗಿಯದು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ, ಅದು ನಿನಗೂ ಗೊತ್ತಿರುತ್ತದೆ. ಆ ಶಿಬಿರದಲ್ಲಿ ಅವಳು ಅಡುಗೆಮನೆ ನೋಡಿಕೊಂಡಿದ್ದಳು. ಐವತ್ತು ಜನಕ್ಕೆ ಅಕ್ಕಿ ಎಷ್ಟು ಹಾಕಬೇಕು, ಯಾವ ಹುಡುಗರು ಪಾತ್ರೆ ತೊಳೆಯದೆ ಜಾರಿಕೊಳ್ಳುತ್ತಾರೆ, ಮೂರನೇ ದಿನ ಗ್ಯಾಸ್ ಮುಗಿದಾಗ ಊರಲ್ಲಿ ಯಾರ ಮನೆಗೆ ಹೋಗಿ ಸೌದೆ ಕೇಳಬೇಕು, ಎಲ್ಲ ಬರೆದಿದ್ದಳು. ಕೊನೆಯಲ್ಲಿ, ‘ಇದನ್ನು ತರಗತಿಯಲ್ಲಿ ಯಾರೂ ಕೇಳಲಿಲ್ಲ’ ಎಂದಿತ್ತು. ನನ್ನ ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಸ್ಲೈಡ್ ಅರ್ಧಕ್ಕೆ ಇಳಿಸಿದೆ. ವಾರಕ್ಕೊಬ್ಬರಂತೆ ಚೀಟಿ ಎತ್ತಿ ಮುಂದಾಳನ್ನು ಆರಿಸಿದೆವು. ಹಾಸ್ಟೆಲ್‌ನ ನೀರಿನ ಟ್ಯಾಂಕ್ ತೊಳೆಸುವುದು, ಬಸ್ ಪಾಸಿನ ಅರ್ಜಿಗಳನ್ನು ಒಟ್ಟುಮಾಡಿ ಡಿಪೋಗೆ ಮುಟ್ಟಿಸುವುದು, ಇಂಥ ಕೆಲಸ ಕೊಟ್ಟೆ. ಚರ್ಚೆ ಕನ್ನಡದಲ್ಲಾಗಲಿ ಎಂದೆ. ಮೂರನೇ ವರ್ಷದ ಹಾಳೆಗಳು ಬೇರೆಯೇ ಆಗಿದ್ದವು. ಕೆಲವರು ಬೈದಿದ್ದರು, ಟ್ಯಾಂಕ್ ತೊಳೆಸುವುದು ನಮ್ಮ ಕೆಲಸವೇ ಎಂದು. ಆದರೆ ಆ ಬೈಗುಳದಲ್ಲೂ ತಾರೀಕಿತ್ತು, ಘಟನೆಯಿತ್ತು.

ನೀನು ಸಾಗರದ ಕಡೆಯವಳು. ಕಾಗೋಡಿನ ಹೋರಾಟದ ಕತೆ ಮನೆಯಲ್ಲಿ ಕೇಳಿರುತ್ತೀಯ. 1951ರಲ್ಲಿ ಅಲ್ಲಿನ ಗೇಣಿದಾರರ ತಕರಾರು ಎದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಸರಿಯಾದ ಅಳತೆಗಿಂತ ದೊಡ್ಡದಾಗಿತ್ತು ಆ ಕೊಳಗ. ಅವರನ್ನು ಸಂಘಟಿಸಿದ ಎಚ್. ಗಣಪತಿಯಪ್ಪನವರು ಶಾಲಾ ಮೇಷ್ಟ್ರಾಗಿದ್ದವರು. ಅನ್ಯಾಯ ಅನ್ಯಾಯ ಎಂದು ಎಷ್ಟು ಕೂಗಿದರೂ ಇಲ್ಲ ಎನ್ನುವವರು ಇರುತ್ತಾರೆ. ಕೊಳಗವನ್ನಾದರೆ ಎತ್ತಿ ತೋರಿಸಬಹುದು. ನೀನೂ ಕೊಳಗವನ್ನೇ ತೋರಿಸು. ‘ಪಾಠ ಬೋರು’ ಎಂದು ಬರೆದರೆ ಅದನ್ನು ಓದಿದವರು ಏನನ್ನೂ ತಿದ್ದಿಕೊಳ್ಳಲಾರರು. ಎಷ್ಟು ಗುಂಪು ಚರ್ಚೆಗಳಾದವು, ಎಷ್ಟು ಜನ ಒಮ್ಮೆಯೂ ಮಾತಾಡಲಿಲ್ಲ, ನಿನ್ನ ಸರದಿ ಎಂದಾದರೂ ಬಂತೇ, ಎಣಿಸಿ ಬರಿ. ಉಪಯೋಗಕ್ಕೆ ಬಂದ ಒಂದು ತರಗತಿ ಇದ್ದರೆ ಅದನ್ನೂ ಬರಿ, ಮೇಷ್ಟರಿಗೆ ಅದೂ ಬೇಕು.

ಇಂಟರ್ನಲ್ಸ್‌ನ ಭಯ ಸುಳ್ಳಲ್ಲ, ನಿನ್ನ ಗೆಳತಿಯರನ್ನು ನಾನು ದೂರುವುದಿಲ್ಲ. ಅಂಕಗಳನ್ನು ನೋಟಿಸ್ ಬೋರ್ಡಿಗೆ ಹಾಕಿದ ಮೇಲೆ ಫಾರಂ ಕೊಡಲು ಆಗುತ್ತದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ವಿದ್ಯಾರ್ಥಿಗಳ ಅಭಿಪ್ರಾಯ ಪಡೆದಿರಾ, ಅದರ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರೂ ಕೇಳುತ್ತಾರೆ, ಹಾಗಾಗಿ ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ. ಒಬ್ಬಳೇ ಹೋಗಬೇಡ, ನಾಲ್ಕೈದು ಜನ ಸೇರಿ ಹೋಗಿ. ಕನ್ನಡದಲ್ಲೇ ಬರಿ. ಫಾರಂನಲ್ಲಿ ಜಾಗ ಸಾಲದಿದ್ದರೆ ಒಂದು ಹಾಳೆ ಪಿನ್ ಮಾಡು.